ನಾಲ್ಕು ಬೆರಳು ಸರಿದ ಮೆಟ್ಟಿಲು

ಕಳೆದ ತಿಂಗಳು ನಮ್ಮ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಅವರ ಶ್ರದ್ಧಾಂಜಲಿ ಸಭೆ ನಡೆಯಿತು. ಒಟ್ಟು ಹದಿನಾಲ್ಕು ನಿಮಿಷ. ನಾನು ಗಡಿಯಾರ ನೋಡಿಕೊಂಡಿದ್ದೆ. ಸಭೆಯಲ್ಲಿ ಹಾಗೆ ನೋಡಬಾರದು. ಆದರೆ ಕೋಪ ಬಂದಾಗ ನಾನು ಏನನ್ನಾದರೂ ಅಳೆಯುತ್ತ ಕೂರುತ್ತೇನೆ. ವಿಭಾಗದ ಮುಖ್ಯಸ್ಥರು ಫೋಟೋಗೆ ಹಾರ ಹಾಕಿ, "ಮೂವತ್ತು ವರ್ಷಕ್ಕೂ ಮೇಲೆ ನಮ್ಮಲ್ಲಿ ನಕ್ಷೆಗಾರರಾಗಿದ್ದರು. ಅವರ ಅಕ್ಷರ ಎಷ್ಟು ಮುದ್ದಾಗಿತ್ತು ಅಂದರೆ, ಅಚ್ಚು ಹಾಕಿದ ಹಾಗೆ" ಎಂದರು. ಇನ್ನೊಬ್ಬರು, ಅವರು ರಜೆಯನ್ನೇ ಹಾಕುತ್ತಿರಲಿಲ್ಲ ಎಂದರು. ಒಂದು ನಿಮಿಷ ಮೌನ. ಆಮೇಲೆ ಕಾಫಿ.

ಮಹಡಿಯಿಂದ ಇಳಿಯುವಾಗ ಅವರ ಹೆಂಡತಿ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, "ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡಿ ಕಣಮ್ಮ. ನಮ್ಮೆಜಮಾನ್ರು ಸುಳ್ ಬರ್ದಿದ್ರಾ?" ಎಂದರು.

ಯಾಕಮ್ಮ ಹಾಗೆ ಕೇಳ್ತೀರಿ, ಎಂದೆ.

"ನಮ್ಮಣ್ಣನ ಮಗ ಇವ್ರು ಅಳ್ದಿದ್ದ ಆ ಕಲ್ಯಾಣಿಗೆ ಹೋಗಿದ್ನಂತೆ. ಮಾವ ಹೇಳ್ತಿದ್ದ ಕೊಂಕು ಎಲ್ಲೂ ಇಲ್ಲ, ಮೆಟ್ಲೆಲ್ಲ ನೆಟ್ಟಗವೆ ಅಂದ. ತಿಥಿ ದಿವ್ಸ, ಎಲ್ರು ಮುಂದೇನೇ ಅಂದ್ಬುಟ್ಟ. ನಾನೇನು ಹೇಳ್ಲಿ?"

ಸುಳ್ಳಲ್ಲ ಅಮ್ಮ, ಎಂದೆ. ಅವರು ತಲೆಯಾಡಿಸಿದರು. ನಂಬಿದರೋ, ನನಗೆ ಬೇಸರವಾಗದಿರಲಿ ಎಂದು ತಲೆಯಾಡಿಸಿದರೋ ಗೊತ್ತಾಗಲಿಲ್ಲ.

ಆ ಕೊಂಕು ಇತ್ತು. ನಾನು ಅದನ್ನು ಕೈಯಿಂದ ಮುಟ್ಟಿದ್ದೇನೆ. ಈಗ ಅದು ಇಲ್ಲದಿರುವುದಕ್ಕೆ ಕಾರಣರಾದವರಲ್ಲಿ ನಾನೂ ಒಬ್ಬಳು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾಗಿದ್ದ ಜಾಗ ಬೇರೆ ಇತ್ತು, ಅಲ್ಲಿ ಯಾರೂ ಬರೆಯಲಿಲ್ಲ. ಒಂದು ಲೇಖನದಲ್ಲಿ ಹೆಸರು ಕಂಡರೆ ನಮ್ಮವರು 'ಸರಿ, ಆಯಿತಲ್ಲ' ಎಂದುಕೊಳ್ಳುತ್ತಾರೆ. ಆ ಸಮಾಧಾನ ಅವರಿಗೆ ನನ್ನಿಂದ ಸಿಗುವುದು ಬೇಡ.

ನಾನು ಎಂ.ಎಸ್‌ಸಿ. ಸೇರುವ ಹೊತ್ತಿಗೆ ಅವರ ಕೆಲಸ ಹೆಚ್ಚುಕಡಿಮೆ ಮುಗಿದಿತ್ತು. ನಕ್ಷೆಗಳೆಲ್ಲ ಕಂಪ್ಯೂಟರಿಗೆ ಹೋಗಿದ್ದವು. ಮಹಡಿ ಮೆಟ್ಟಿಲ ಕೆಳಗೆ, ಕಲ್ಲಿನ ಮಾದರಿಗಳ ಡಬ್ಬಗಳ ನಡುವೆ ಅವರಿಗೊಂದು ಕೋಣೆ ಕೊಟ್ಟಿದ್ದರು. ಎತ್ತರದ ಆಳು. ಆ ಕೋಣೆಯಲ್ಲಿ ಅವರು ಪೂರ್ತಿ ನೆಟ್ಟಗೆ ನಿಲ್ಲಬಹುದಾಗಿದ್ದದ್ದು ಬಾಗಿಲ ಹತ್ತಿರ ಒಂದೇ ಕಡೆ. ಯಾರಾದರೂ ಬಂದರೆ ಆ ಜಾಗವನ್ನು ಬಂದವರಿಗೆ ಬಿಟ್ಟು ತಾವು ಒಳಗೆ ಸರಿದು ಬಾಗಿ ನಿಲ್ಲುತ್ತಿದ್ದರು. ವಿದ್ಯಾರ್ಥಿಗಳಾದರೂ ಅಷ್ಟೇ. ಸಿದ್ಧಾರ್ಥನಗರದ ಮನೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಊಟದ ಡಬ್ಬಿಯ ಜೊತೆ ಅದೇ ಚೀಲದಲ್ಲಿ ಒಂದು ರಸಮಟ್ಟ, ಒಂದು ತೂಗುಗುಂಡು, ನೂಲಿನ ಉಂಡೆ. ಗಾರೆ ಕೆಲಸದವರ ಸಾಮಾನು ಎಂದು ಲೆಕ್ಚರರುಗಳು ನಗುತ್ತಿದ್ದರು. "ಊಂ, ಗಾರೆಯವ್ರು ಕಟ್ಟಿದ್ನ ನೋಡಕ್ಕೆ ಅವ್ರ ಸಾಮಾನೇ ಬೇಕು" ಎಂದು ಅವರೂ ನಗುತ್ತಿದ್ದರು.

ನೂಲಿಗಾಗಿ ದೇವರಾಜ ಮೊಹಲ್ಲಾದ ಒಂದೇ ಅಂಗಡಿಗೆ ಹೋಗುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ಮೊಳದುದ್ದ ಬಿಚ್ಚಿ ಎಳೆದು ನೋಡುವುದು, ನೀರಿನಲ್ಲಿ ಅದ್ದಿ ಮತ್ತೆ ಎಳೆದು ನೋಡುವುದು, ವಾಪಸ್ ಇಟ್ಟು ಇನ್ನೊಂದು ಉಂಡೆ ಕೇಳುವುದು. ಅಂಗಡಿಯವನು ತಾಳಲಾರದೆ, "ಸಾಹೇಬ್ರೇ, ಮಗಳ ಮದ್ವೆ ಸೀರೆ ತಗೊಳ್ಳೋರೂ ಇಷ್ಟೊತ್ತು ನೋಡಲ್ಲ ಕಣ್ರೀ" ಎಂದ.

"ಸೀರೆ ಜೋಲು ಬಿದ್ರೆ ಚೆಂದ ಕಣಪ್ಪ. ಇದು ಜೋಲು ಬಿದ್ರೆ ನಾನು ಸುಳ್ಳ ಆಗೋಯ್ತೀನಿ."

ಅವರು ಮಾಡುತ್ತಿದ್ದ ಕೆಲಸ ಇದು: ಹಳೆಯ ಕಟ್ಟಡಗಳನ್ನು ಓದುವುದು. ಭೂಕಂಪ ಅಳೆಯುವ ಯಂತ್ರಗಳು ಬಂದದ್ದು ಇತ್ತೀಚೆಗೆ. ಅದಕ್ಕೂ ಹಿಂದೆ ನೆಲ ಎಲ್ಲಿ ಸರಿದಿತ್ತು, ಯಾವಾಗ ಸರಿದಿತ್ತು ಎಂದು ಬರೆದಿಟ್ಟವರು ಕಡಿಮೆ. ಆದರೆ ಕಟ್ಟಡಗಳಿವೆ. ನೆಲದೊಳಗೆ ಒಂದು ಬಿರುಕು ಇದ್ದು, ಅದರ ಒಂದು ಬದಿ ಇನ್ನೊಂದು ಬದಿಯನ್ನು ಉಜ್ಜಿಕೊಂಡು ಸರಿದರೆ ಅದನ್ನು ನಾವು ಸ್ತರಭಂಗ ಎನ್ನುತ್ತೇವೆ. ಅಂಥ ಬಿರುಕಿನ ಮೇಲೆ ಗೊತ್ತಿಲ್ಲದೆ ಯಾರೋ ಒಂದು ಗೋಡೆ ಕಟ್ಟಿದ್ದರೆ ಗೋಡೆಯೂ ಸರಿಯುತ್ತದೆ. ಗೋಡೆ ಯಾವ ಕಾಲದ್ದೆಂದು ಶಾಸನದಿಂದ ಗೊತ್ತಾದರೆ, ನೆಲ ಸರಿದದ್ದು ಅದಕ್ಕಿಂತ ಈಚೆಗೆ ಎಂದು ಗೊತ್ತಾಗುತ್ತದೆ. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಫೀಲ್ಡಿಗೆ ಹೋದ ಕಡೆ ಅಳೆದು ಅಳೆದು, ಆಮೇಲೆ ಲೈಬ್ರರಿಯಲ್ಲಿ ಓದಿ ಕಲಿತಿದ್ದರು.

ಓದಿದ್ದು ತಲೆಗೇರಿ ಎಲ್ಲೆಲ್ಲೂ ಭೂಕಂಪ ಕಾಣುವವರಲ್ಲ. ಹಳೆಯ ಪೇಟೆಯ ಒಂದು ಕಮಾನಿನ ನಡುಗಲ್ಲು ಕೆಳಕ್ಕೆ ಜಾರಿದ್ದನ್ನು ಕಂಡು ನಾನು ಉತ್ಸಾಹದಿಂದ ತೋರಿಸಿದಾಗ ಅವರು ರಸ್ತೆ ಕಡೆ ಕೈ ಮಾಡಿ, "ಆ ಬಸ್ಸು ದಿವ್ಸಾ ಇಲ್ಲೇ ಬ್ರೇಕ್ ಹಾಕೋದು. ಅದ್ನೂ ಕೇಳಿ ಬರೀರಿ" ಎಂದಿದ್ದರು.

ಆ ಕಲ್ಯಾಣಿ ಇರುವುದು ಮೈಸೂರಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ಊರಿನಲ್ಲಿ. ಚೌಕದ ಕಲ್ಯಾಣಿ, ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು. ನಮ್ಮ ತರಗತಿಯವರಿಗೆ ಅಳತೆ ಕಲಿಯಲೆಂದು ಅಲ್ಲಿಗೆ ಕಳಿಸಿದ್ದರು. ನನ್ನ ಪಾಲಿಗೆ ಇಡೀ ಕಲ್ಯಾಣಿಯ ನಕ್ಷೆ ಬಂದಿತ್ತು. ನಾನು ನಾಲ್ಕು ಮೂಲೆಗಳನ್ನು ಬಹಳ ಎಚ್ಚರಿಕೆಯಿಂದ ಅಳೆದೆ, ಎರಡೆರಡು ಸಲ. ಆಮೇಲೆ ಕಾಗದದ ಮೇಲೆ ಮೂಲೆಗಳನ್ನು ಗುರುತಿಸಿ ಸ್ಕೇಲ್ ಇಟ್ಟು ಗೆರೆ ಎಳೆದು ಸೇರಿಸಿದೆ. ನಕ್ಷೆ ಕಲಿತವರು ಮಾತ್ರ ಮಾಡುವ ತಪ್ಪು ಇದು. ಕಲಿಯದವರು ಮೆಟ್ಟಿಲನ್ನು ನೋಡಿ ಬರೆಯುತ್ತಾರೆ. ನಾವು ಮೂಲೆಯನ್ನು ಅಳೆದು, ನಡುವೆ ಇರುವುದು ನೇರವೇ ಎಂದು ನಂಬಿಬಿಡುತ್ತೇವೆ. ನಕ್ಷೆ ಚೆನ್ನಾಗಿ ಬಂದಿತ್ತು. ಮುಖ್ಯಸ್ಥರೇ ಆಗ ನಮಗೆ ಅಳತೆಯ ಪಾಠ ಮಾಡುತ್ತಿದ್ದವರು. ಪೂರ್ತಿ ಅಂಕ ಕೊಟ್ಟರು.

ಅಂಕ ಬಂದ ಮೇಲೆ ಅದನ್ನು ತೋರಿಸಲು ಮೆಟ್ಟಿಲ ಕೆಳಗಿನ ಅವರ ಕೋಣೆಗೆ ಹೋದೆ. ಮೆಚ್ಚುತ್ತಾರೆ ಎಂದುಕೊಂಡಿದ್ದೆ. ತುಂಬ ಹೊತ್ತು ನೋಡಿದರು.

"ಇದು ಯಾವೂರ ಕಲ್ಯಾಣಿ?"

"ಅದೇ ಸರ್, ನಾವು ಹೋಗಿದ್ದು."

"ಅದಲ್ಲ ಬುಡಿ. ಇದು ಯಾವ್ದೋ ಛತ್ರದ ಮುಂದಿನ ಮೆಟ್ಲು."

ಮುಂದಿನ ಭಾನುವಾರ, ತಮ್ಮ ರಜೆಯ ದಿನ, ನನ್ನನ್ನು ಮತ್ತೆ ಅಲ್ಲಿಗೆ ಕರೆದುಕೊಂಡು ಹೋದರು. ಉತ್ತರ ದಿಕ್ಕಿನ ಮೆಟ್ಟಿಲ ಮೇಲೆ ಚಪ್ಪಲಿ ಬಿಡಿಸಿ, "ಅಂಚು ಹಿಡ್ಕೊಂಡು ಈ ಮೂಲೆಯಿಂದ ಆ ಮೂಲೆಗೆ ನಡೀರಿ. ಕೆಳಗೆ ನೋಡ್ಬ್ಯಾಡಿ. ಕಣ್ಣು ಬಲೇ ಒಳ್ಳೇದು, ಎಲ್ಲಾನೂ ಸರಿ ಮಾಡ್ಬುಡ್ತದೆ" ಎಂದರು. ನಡೆದೆ. ಅರ್ಧ ದಾರಿಯಲ್ಲಿ ನನ್ನ ಪಾದದ ಹೊರಬದಿ ಗಾಳಿಯಲ್ಲಿತ್ತು. ಅಂಚು ಅಲ್ಲಿ ಮುಗಿದು, ನಾಲ್ಕು ಬೆರಳು ಹಿಂದಿನಿಂದ ಮತ್ತೆ ಶುರುವಾಗಿತ್ತು; ನಾನು ನಡೆದು ಬಂದ ಪೂರ್ವದ ಅರ್ಧ ಅಷ್ಟು ದಕ್ಷಿಣಕ್ಕೆ, ನೀರಿನ ಕಡೆ ಸರಿದಿತ್ತು. ಕೂತು ಬೆರಳಿಟ್ಟು ನೋಡಿದೆ. ಮೇಲಿನ ಮೆಟ್ಟಿಲಿಂದ ನೀರಿನ ಮಟ್ಟದ ತನಕ, ಪ್ರತಿ ಮೆಟ್ಟಿಲೂ ಅದೇ ಜಾಗದಲ್ಲಿ, ಅಷ್ಟೇ ಸರಿದಿತ್ತು.

"ಮಣ್ಣು ಹಿಂದಿನಿಂದ ತಳ್ಳಿರಬಹುದಲ್ವಾ ಸರ್?"

"ಆಂ! ಅಂಗೆ ಕೇಳ್ಬೇಕು. ಮಣ್ಣು ತಳ್ಳಿದ್ರೆ ಕಲ್ಲು ಯಾವ ಕಡೆ ಬರ್ಬೇಕು?"

"ನೀರಿನ ಕಡೆ."

"ಈಗ ಎದುರುಗಡೆ ದಕ್ಷಿಣದ ಮೆಟ್ಲು ನೋಡ್ಕೊಂಡ್ ಬನ್ನಿ."

ಸುತ್ತಿ ಹೋಗಿ ನೋಡಿದೆ. ಅಲ್ಲಿಯೂ ಅರ್ಧದಲ್ಲಿ ಅಂಚು ತುಂಡಾಗಿತ್ತು. ಆದರೆ ಅದು ನೀರಿನ ಕಡೆ ಬಂದಿರಲಿಲ್ಲ. ನೀರಿನಿಂದ ಆಚೆಗೆ, ಮತ್ತೆ ದಕ್ಷಿಣಕ್ಕೇ ಸರಿದಿತ್ತು. ಮಣ್ಣಿನ ಒತ್ತಡವಾಗಿದ್ದರೆ ಎರಡು ಬದಿಗಳೂ ಒಂದರ ಕಡೆ ಇನ್ನೊಂದು ಬರಬೇಕಿತ್ತು. ಇಲ್ಲಿ ಕಲ್ಯಾಣಿಯ ಪೂರ್ವದ ಅರ್ಧ ಇಡಿಯಾಗಿ ಒಂದೇ ದಿಕ್ಕಿಗೆ ಜರುಗಿತ್ತು. ಅದೇ ಗೆರೆಯ ಮೇಲೆ ದಂಡೆಯಲ್ಲಿ ಆಮೇಲಿನ ಕಾಲದ ಒಂದು ಕಲ್ಲಿನ ಮಂಟಪವಿತ್ತು. ಅದು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಅಂದರೆ ಕಲ್ಯಾಣಿ ಕಟ್ಟಿದ ಮೇಲೆ, ಮಂಟಪ ಕಟ್ಟುವ ಮುಂಚೆ, ಆ ನಡುವೆ ಯಾವಾಗಲೋ. ಭೂಕಂಪ ಎಂದು ಬರೆಯೋಣವೇ ಎಂದು ಕೇಳಿದೆ.

"ಈಗ್ಲೇ ಬ್ಯಾಡ. ನೆಲ ಸರ್ದದೆ ಅಂತ ಬರೀರಿ. ದಂಡೆ ಪಕ್ಕ ಒಂದು ಕಂದಕ ತೆಗೆದು ಮಣ್ಣಿನ ಪದರ ಕಡಿದಿದೆಯಾ ಅಂತ ನೋಡ್ಬೇಕು. ಆಮೇಲೆ ಎದೆ ತಟ್ಟಿ ಹೇಳ್ಬೌದು."

ಅವತ್ತು ಅವರು ಎರಡೂ ಬದಿಯನ್ನು ಗೇಣುಗೇಣಿಗೆ ಅಳೆದು ತಮ್ಮ ನಕ್ಷೆ ಮಾಡಿದರು. ನಾನೂ ಹೊಸ ನಕ್ಷೆ ಮಾಡಿದೆ. ಅದನ್ನು ತೆಗೆದುಕೊಂಡು ಹೋಗಿ, ಹಳೆಯದನ್ನು ತೆಗೆದು ಇದನ್ನು ಇಡಬಹುದೇ ಎಂದು ಮುಖ್ಯಸ್ಥರನ್ನು ಕೇಳಿದೆ. "ಮಾರ್ಕ್ಸ್ ಬಂದಿದೆಯಲ್ಲ, ಬಿಡಿ" ಎಂದರು. ನಾನು ಬಿಟ್ಟೆ. ಹೊಸ ನಕ್ಷೆಯನ್ನು ಸುರುಳಿ ಸುತ್ತಿ ಮನೆಗೆ ಒಯ್ದೆ. ಸಂಕೋಚದವಳು ಎಂದು ನನ್ನನ್ನು ಎಲ್ಲರೂ ಹೊಗಳುತ್ತಿದ್ದ ಕಾಲ ಅದು.

ಕಂದಕಕ್ಕೆ ಅನುಮತಿ ಕೇಳಿ ಅವರು ಮೂರು ಪತ್ರ ಬರೆದರು. ಮೂರನೆಯದನ್ನು ಕೊಡುವಾಗ ನಾನು ಮುಖ್ಯಸ್ಥರ ಕೋಣೆಯಲ್ಲೇ ಇದ್ದೆ. ಮುಖ್ಯಸ್ಥರು ಓದಲಿಲ್ಲ. "ನಮ್ಮದು ಗಟ್ಟಿ ಶಿಲೆಯ ನೆಲ ಕಣ್ರೀ. ಭೂಕಂಪ ಬೇಕಾದರೆ ಹಿಮಾಲಯಕ್ಕೆ ಹೋಗಿ. ಅಲ್ಲ, ಡ್ರಾಫ್ಟ್ಸ್‌ಮನ್ನುಗಳು ಯಾವಾಗಿಂದ ಇದನ್ನೆಲ್ಲ ಶುರು ಮಾಡಿದ್ರು?" ಎಂದು ನನ್ನ ಕಡೆ ನೋಡಿ ನಕ್ಕರು. ನಾನು ನಗಲಿಲ್ಲ. ನಗದೆ ಇದ್ದದ್ದೇ ದೊಡ್ಡ ಧೈರ್ಯ ಎಂದು ಆ ದಿನವೆಲ್ಲ ಅಂದುಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಗಟ್ಟಿ ನೆಲ ಎಂಬುದು ನಿಜವೇ. ಇಲ್ಲಿ ಅಂಥದ್ದು ಅಪರೂಪ ಎಂಬುದೂ ನಿಜ. ಅಪರೂಪವಾದದ್ದರ ಗುರುತು ಸಿಕ್ಕಾಗ ಹೋಗಿ ನೋಡಬೇಕಾದವರು ಯಾರು? ಹಳ್ಳಿಯವರೇ? ಯಾದವಗಿರಿಯ ಮನೆಯಿಂದ ಕಾಲೇಜಿಗೆ, ಕಾಲೇಜಿನಿಂದ ಯಾದವಗಿರಿಗೆ ಓಡಾಡುವ ಮುಖ್ಯಸ್ಥರ ಕಾರು ಒಂದು ದಿನ ಒಂದೂವರೆ ಗಂಟೆ ಆಚೆ ಹೋಗಿದ್ದರೆ ಸಾಕಿತ್ತು. ಹೋಗಿ ನೋಡಿ, ಇದು ಸುಳ್ಳು ಎಂದಿದ್ದರೂ ನಕ್ಷೆಗಾರರು ಒಪ್ಪುತ್ತಿದ್ದರು. ವಾದ ಮಾಡಿ ಸೋಲುವುದು ಅವರಿಗೆ ಇಷ್ಟದ ಕೆಲಸವೇ ಆಗಿತ್ತು. ಯಾರೂ ವಾದವನ್ನೇ ಮಾಡಲಿಲ್ಲ.

ಮುಂದಿನ ವರ್ಷ ಆ ಊರಿನವರು ಕಲ್ಯಾಣಿಯ ಜೀರ್ಣೋದ್ಧಾರಕ್ಕೆ ಸಮಿತಿ ಮಾಡಿಕೊಂಡರು. ನಾನು ಆಗ ಓದು ಮುಗಿಸಿ ಅದೇ ವಿಭಾಗದಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ಕಲ್ಲುಗಳನ್ನು ಕಿತ್ತು ಮತ್ತೆ ಕೂರಿಸುತ್ತಿದ್ದಾರೆ ಎಂಬ ಸುದ್ದಿ ನಮಗೆ ಮುಟ್ಟಿದ್ದು ಕೆಲಸ ಶುರುವಾಗಿ ಹತ್ತು ದಿನವಾದ ಮೇಲೆ. ಸುದ್ದಿ ಕೇಳಿದ ಅವರು ಊಟದ ಡಬ್ಬಿಯನ್ನು ಅರ್ಧಕ್ಕೆ ಮುಚ್ಚಿದರು. ಇಬ್ಬರೂ ಬಸ್ಸು ಹತ್ತಿದೆವು.

ಉತ್ತರದ ಬದಿ ಮುಗಿದುಹೋಗಿತ್ತು. ಒಂದೊಂದು ಕಲ್ಲಿನ ಮೇಲೂ ಬಣ್ಣದಲ್ಲಿ ನಂಬರು ಹಾಕಿ, ಎತ್ತಿ, ದಾರ ಕಟ್ಟಿ, ಸಾಲಾಗಿ ಕೂರಿಸಿ ಸಂದಿಗೆ ಸಿಮೆಂಟು ತುಂಬಿದ್ದರು. ಕೆಲಸ ಬಹಳ ಅಚ್ಚುಕಟ್ಟಾಗಿತ್ತು. ಅವರು ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಆ ನೆಟ್ಟಗಿನ ಅಂಚನ್ನು ನೋಡಿದರು. ಆಮೇಲೆ ಎದ್ದು ಕೂಗಿದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಯಾರ್ ಹೇಳಿದ್ದು ನಿಮ್ಗೆ ಇದ್ನ ನೆಟ್ಟಗೆ ಮಾಡಿ ಅಂತ?"

ಕಲ್ಲಿನ ಮೇಸ್ತ್ರಿ ಓಡಿಬಂದ. "ಯಾಕ್ ಸಾ, ಏನಾಯ್ತು? ಮುಂಚೆ ಎಂಗಿತ್ತೋ ಅಂಗೇ ಕೂರ್ಸಿ ಅಂದ್ರು, ಕೂರ್ಸಿವ್ನಿ."

"ಮುಂಚೆ ಇಂಗಿತ್ತೇನಯ್ಯ? ನೀನೇ ಕಿತ್ತಿದ್ದಲ್ವಾ? ನಿನ್ ಕಣ್ಣಿಗೆ ಕಾಣ್ಲಿಲ್ವಾ?"

"ಕಂಡ್ತು ಸಾ. ಕೊಂಕಾಗಿತ್ತು. ನಾನೂ ಕೇಳ್ದೆ. ಪೇಪರ್‌ನಲ್ಲಿ ನೆಟ್ಟಗದೆ, ನೀನ್ ಸುಮ್ಕೆ ಮಾಡು ಅಂದ್ರು."

ಸಮಿತಿಯ ಅಧ್ಯಕ್ಷರು ಛತ್ರಿ ಹಿಡಿದು ಬಂದರು. "ಏನ್ ಸಾರ್ ನೀವು? ಕೊಂಕನ್ನ ಅಂಗೇ ಬುಟ್ರೆ, ಉದ್ಘಾಟನೆಗೆ ಬಂದೋರು ನಮ್ ಮುಖಕ್ಕೆ ಉಗಿಯಲ್ವಾ? ನಿಮ್ ಕಾಲೇಜ್ನೋರೇ ಕೊಟ್ಟಿರೋ ನಕ್ಷೆ ಕಣ್ರೀ ಇದು. ಸೀಲೂ ಅದೆ ನೋಡಿ."

ಮೇಸ್ತ್ರಿ ಜೇಬಿನಿಂದ ಮಡಿಚಿದ ಕಾಗದ ತೆಗೆದು ಬಿಡಿಸಿದ. ಸಮಿತಿಯವರು ಕೇಳಿದಾಗ ಮುಖ್ಯಸ್ಥರು ಕಡತದಿಂದ ತೆಗೆದು, ವಿಭಾಗದ ಮುದ್ರೆ ಒತ್ತಿ ಕೊಟ್ಟ ಪ್ರತಿ. ಬಲಗಡೆ ಕೆಳಗೆ ನನ್ನ ಹೆಸರು, ನನ್ನ ಸಹಿ.

ಅವರು ಅದನ್ನು ನೋಡಿದರು. ನಾನು ಅವರ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದೆ. ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಚಿ ಮೇಸ್ತ್ರಿಗೆ ವಾಪಸ್ ಕೊಟ್ಟರು. ದನಿ ತಗ್ಗಿಸಿ, "ದಕ್ಷಿಣದ ಕಡೆ ಇನ್ನೂ ಮುಟ್ಟಿಲ್ವಲ್ಲ, ಸಂಜೆ ಗಂಟ ಬುಟ್ಕೊಡಿ. ಅಳ್ಕೊಂಡ್ ಹೋಗ್ತೀವಿ" ಎಂದರು. ಅಧ್ಯಕ್ಷರು ಗೊಣಗಿದರು. ಮೇಸ್ತ್ರಿಯೇ ಆಳುಗಳಿಗೆ ಊಟಕ್ಕೆ ಹೋಗಲು ಹೇಳಿ ಟೇಪಿನ ಒಂದು ತುದಿ ಹಿಡಿದ.

ಬಸ್ಸಿಗೆ ಕಾಯುವಾಗ ನಾನು ಏನೋ ಹೇಳಲು ಹೊರಟೆ. ಅವರು ತಡೆದು, "ನೀವು ಆಮ್ಯಾಲೆ ಸರಿಯಾಗಿ ಮಾಡಿದ್ರಲ್ಲ, ಆ ನಕ್ಷೆ ಎಲ್ಲದೆ?" ಎಂದರು.

"ನನ್ನ ಹತ್ತಿರವೇ ಇದೆ ಸರ್. ಮನೆಯಲ್ಲಿ."

"ಮನೇಲಿ" ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಒಂದು ಬದಿಯ ಕೊಂಕು ಏನನ್ನೂ ಸಾಧಿಸುವುದಿಲ್ಲ. ಎರಡೂ ಬದಿ ಒಂದೇ ದಿಕ್ಕಿಗೆ ಸರಿದಿದ್ದವು ಎನ್ನುವುದೇ ಪುರಾವೆ. ಉತ್ತರದ ಬದಿ ಈಗ ಅವರ ನಕ್ಷೆಯಲ್ಲಿ ಮಾತ್ರ ಉಳಿದಿತ್ತು. ಹದಿನೈದು ದಿನದಲ್ಲಿ ದಕ್ಷಿಣದ ಬದಿಯೂ ನೆಟ್ಟಗಾಯಿತು. ಅವರು ತಮ್ಮ ನಕ್ಷೆ, ಅಳತೆ, ವಿವರ ಎಲ್ಲ ಸೇರಿಸಿ ಒಂದು ವರದಿ ಬರೆದು ಕೊಟ್ಟರು. ಅದಕ್ಕೆ ಮಾತ್ರ ಉತ್ತರ ಬಂತು: ಸ್ಥಳದಲ್ಲಿ ಮೆಟ್ಟಿಲು ಸರಿದ ಗುರುತು ಕಂಡುಬಂದಿಲ್ಲ, ವಿಭಾಗದ ಕಡತದಲ್ಲಿರುವ ನಕ್ಷೆಯೂ ಇದಕ್ಕೆ ಹೊಂದುವುದಿಲ್ಲ, ಆದ್ದರಿಂದ ಪರಿಗಣಿಸಲು ಬರುವುದಿಲ್ಲ. ಕಲ್ಲನ್ನು ಸರಿಪಡಿಸಿದವರು ನಾವು, ಸರಿಪಡಿಸಿದ ಕಲ್ಲನ್ನು ತೋರಿಸಿ ಅವರನ್ನು ಸುಳ್ಳುಗಾರ ಮಾಡಿದವರೂ ನಾವೇ. ಆ ಉತ್ತರವನ್ನು ಅವರು ನನಗೆ ಓದಲು ಕೊಟ್ಟು, ಕೆಳಗಿನ ಸಾಲಿನಲ್ಲಿದ್ದ ಒಂದು ಅಕ್ಷರದ ತಪ್ಪನ್ನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ್ದರು. ಅದೊಂದೇ ಅವರ ಪ್ರತಿಕ್ರಿಯೆ.

ಅವರು ನಿವೃತ್ತರಾದರು. ಆಮೇಲೆ ಎರಡು ವರ್ಷ ಬದುಕಿದ್ದರು. ನಾನು ಹಬ್ಬಗಳಲ್ಲಿ ಹೋಗಿ ಮಾತಾಡಿಸಿ ಬರುತ್ತಿದ್ದೆ. ಕಲ್ಯಾಣಿಯ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದು ದಿನ ಎತ್ತಬೇಕು ಎಂದುಕೊಂಡೇ ಇದ್ದೆ.

ಸಭೆಯ ಮರುದಿನ ನಾನು ಒಂದು ಪುಟದ ಪತ್ರ ಬರೆದೆ. ಕಡತದಲ್ಲಿರುವ ನಕ್ಷೆ ನನ್ನದು. ಮೂಲೆಗಳನ್ನಷ್ಟೇ ಅಳೆದು ನಡುವೆ ಸ್ಕೇಲಿನಿಂದ ಗೆರೆ ಎಳೆದಿದ್ದೆ, ಆದ್ದರಿಂದ ಅದು ತಪ್ಪು. ಎರಡೂ ಬದಿ ಸರಿದಿದ್ದನ್ನು ನಾನು ಕಣ್ಣಾರೆ ಕಂಡು ಅಳೆದಿದ್ದೇನೆ, ಅವರ ಅಳತೆ ಸರಿ. ಮೆಟ್ಟಿಲನ್ನು ನೆಟ್ಟಗೆ ಮಾಡಿದ್ದಾರೆ, ಕೆಳಗಿನ ನೆಲವನ್ನು ಯಾವ ಮೇಸ್ತ್ರಿಯೂ ಮುಟ್ಟಿಲ್ಲ, ಆದ್ದರಿಂದ ಅವರು ಕೇಳಿದ್ದ ಕಂದಕವನ್ನು ಈಗಲಾದರೂ ತೆಗೆಯಬೇಕು. ಜೊತೆಗೆ ನನ್ನ ಎರಡನೆಯ ನಕ್ಷೆಯನ್ನೂ ಲಗತ್ತಿಸಿದೆ.

ಮುಖ್ಯಸ್ಥರು ಓದಿದರು. ಈ ಸಲ ಪೂರ್ತಿ ಓದಿದರು. "ನಿಮ್ಮ ಕೆಲಸ ಖಾಯಂ ಆಗೋ ಫೈಲು ಇದೇ ತಿಂಗಳು ಮುಂದಕ್ಕೆ ಹೋಗ್ತಿದೆ. ನಾನೇ ತಪ್ಪು ಮಾಡಿದ್ದೀನಿ ಅಂತ ನೀವೇ ಬರ್ಕೊಡ್ತೀರಾ? ಪಾಪ, ಅವರಂತೂ ಹೋದ್ರು. ಇದರಿಂದ ಯಾರಿಗೇನು ಲಾಭ?" ಎಂದು ಪತ್ರವನ್ನು ಮೇಜಿನ ಮೇಲೆ ನನ್ನ ಕಡೆಗೆ ಜರುಗಿಸಿದರು.

"ಅವರ ಹೆಂಡತಿಗೆ ಇದರ ಪ್ರತಿ ಕೊಡಬೇಕು ಸರ್" ಎಂದೆ.

"ನಾನು ತಗೊಳ್ಳಲ್ಲ."

ನಾನು ಪತ್ರ ಎತ್ತಿಕೊಂಡು ಕೆಳಗೆ ಕಚೇರಿಗೆ ಹೋದೆ. ಅಲ್ಲಿ ಟಪಾಲು ತೆಗೆದುಕೊಳ್ಳುವ ಗುಮಾಸ್ತರು ಬಂದ ಪತ್ರ ಯಾವುದೇ ಇರಲಿ, ವಹಿಯಲ್ಲಿ ದಾಖಲಿಸಿ ಮುದ್ರೆ ಹಾಕಿ ಸ್ವೀಕೃತಿ ಕೊಡಲೇಬೇಕು. ಅದು ನಿಯಮ. ಅವರು ಕನ್ನಡಕ ಏರಿಸಿಕೊಂಡು ಪೆನ್ನು ತೆಗೆದರು.

"ವಿಷಯ ಏನು ಅಂತ ಹಾಕ್ಲಿ?"

"ನಕ್ಷೆ ತಪ್ಪಾಗಿರುವುದರ ಬಗ್ಗೆ."

"ನಕ್ಷೆ ತಿದ್ದುಪಡಿ ಅಂತ ಹಾಕ್ತೀನಿ ಬಿಡಿ."

"ತಿದ್ದುಪಡಿ ಅಲ್ಲ. ನನ್ನ ನಕ್ಷೆ ತಪ್ಪು, ಅವರ ನಕ್ಷೆ ಸರಿ ಅಂತ ಬರೀರಿ. ಅವರ ಹೆಸರು ಪೂರ್ತಿ ಬರೀರಿ."

ಗುಮಾಸ್ತರು ತಲೆ ಎತ್ತಿ ನನ್ನನ್ನು ನೋಡಿದರು. ನಾನು ಇಷ್ಟು ಮಾತಾಡಿದ್ದನ್ನು ಅವರು ಹಿಂದೆ ಕೇಳಿರಲಿಲ್ಲ.

"ಅಷ್ಟೆಲ್ಲ ಇಡ್ಸಲ್ಲ ಕಣಮ್ಮ, ಕಾಲಂ ಸಣ್ದು."

"ಎರಡು ಸಾಲು ತಗೊಳ್ಳಿ" ಎಂದೆ.

ಅವರು ಬರೆದು ಮುಗಿಸುವವರೆಗೆ ನಾನು ಅಲ್ಲೇ ನಿಂತಿದ್ದೆ.